ನಿಲ್ಲಲೊಲ್ಲದ ಕೋಶಗಳು

ಪರದೆಯ ಮೇಲೆ ಒಂದು ನರಕೋಶ ನಡೆಯುತ್ತಿತ್ತು.

ದಾಕ್ಷಾಯಣಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಧಾರವಾಡದ ಆಚೆ ಗುಡ್ಡದ ಮೇಲಿರುವ ಈ ಸಂಶೋಧನಾ ಕೇಂದ್ರದಲ್ಲಿ ಅವಳ ಅಕ್ಕ ಡಾ. ನೀಲಾಂಬಿಕಾ ಅಂಗಡಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದರೂ ಪ್ರಯೋಗಾಲಯದೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುವವಳಿಗೆ ಈ ಗಾಜಿನ ಬಾಗಿಲುಗಳು, ತಣ್ಣನೆಯ ಗಾಳಿ, ಯಾರೂ ಗಟ್ಟಿಯಾಗಿ ಮಾತಾಡದ ಓಣಿಗಳು ಎಲ್ಲವೂ ಹೊಸವು. ಹೊಟ್ಟೆಯಲ್ಲಿ ಮೂರು ತಿಂಗಳ ಕೂಸಿತ್ತು.

ಕೋಶ ಮೊದಲು ಉದ್ದನೆಯ ಎಳೆಯೊಂದನ್ನು ಮುಂದಕ್ಕೆ ಚಾಚಿತು. ಎಳೆ ಅತ್ತಿತ್ತ ತಡಕಾಡಿ ಒಂದು ಕಡೆ ಹಿಡಿತ ಕಂಡುಕೊಂಡಿತು. ಹಿಂದೆ ಉಳಿದಿದ್ದ ದಪ್ಪನೆಯ ಒಡಲು ಸ್ವಲ್ಪ ಹೊತ್ತು ಹಾಗೇ ಇದ್ದು, ಒಮ್ಮೆಲೇ ಜಾರಿ ಮುಂದೆ ಬಂತು. ಮತ್ತೆ ಎಳೆ ಚಾಚಿತು.

“ಇದಕ್ಕ ಎಲುಬಿಲ್ಲ, ಕಾಲಿಲ್ಲ. ಹೆಂಗ ನಡೀತೈತಿ?”

“ಒಳಗೊಂದು ಪಂಜರ ಐತಿ ದಾಕ್ಷಿ,” ಎಂದಳು ನೀಲಾಂಬಿಕಾ. “ಸಣ್ಣ ಸಣ್ಣ ಕೊಳವಿ, ಸಣ್ಣ ಎಳಿ. ನಮ್ಮ ಎಲುಬಿನಂಗ ಒಮ್ಮೆ ಆದದ್ದು ಆತು ಅಂತಿಲ್ಲ. ಬೇಕಾದಾಗ ಬೆಳೀತಾವು, ಬ್ಯಾಡಾದಾಗ ಬಿಚ್ಚಿಕೊಳ್ತಾವು. ಮುಂದ ಹಿಡಿತ ಸಿಕ್ಕ ಮ್ಯಾಲ ಆ ಕೊಳವಿಗಳ ಆಧಾರದಿಂದ ಒಡಲನ್ನ ಜಗ್ಗಿಕೊಳ್ತೈತಿ.”

“ಎಲ್ಲಿಗೆ ಹೊಂಟೈತಿ?”

“ಮ್ಯಾಲಕ್ಕ. ಮಿದುಳಿನ ಕೋಶ ಹುಟ್ಟೂದು ಆಳದಾಗ. ಇರಬೇಕಾದ ಜಾಗ ಮ್ಯಾಲಿನ ಅಂಚಿನಾಗ. ಕೂಸು ಹೊಟ್ಯಾಗ ಇರುವಾಗಲೇ ಕೋಟಿ ಕೋಟಿ ಕೋಶ ಹಿಂಗ ನಡದು ಹೋಗಿ, ಪದರ ಪದರಾಗಿ ಕುಂದ್ರಬೇಕು. ಆವಾಗ ಮಿದುಳಿಗೆ ಮಡಿಕಿ ಬೀಳ್ತಾವು.”

ದಾಕ್ಷಾಯಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಓಂಕಾರನವು ನಡೀಲಿಲ್ಲ.”

“ಅರ್ಧ ದಾರ್ಯಾಗ ಕುಂತುಬಿಟ್ಟಿದ್ದವು.”

ಓಂಕಾರ ಅವಳ ಮೊದಲ ಮಗ. ಅವನ ಮಿದುಳಿಗೆ ಮಡಿಕೆಗಳೇ ಇರಲಿಲ್ಲ. ಸ್ಕ್ಯಾನಿನ ಚಿತ್ರದಲ್ಲಿ ಅದು ನೀರಿನಲ್ಲಿ ತೊಯ್ದ ಕಲ್ಲಿನ ಹಾಗೆ ನುಣ್ಣಗೆ ಕಾಣುತ್ತಿತ್ತು. ಕತ್ತು ನಿಲ್ಲಲಿಲ್ಲ, ಮಾತು ಬರಲಿಲ್ಲ. ದಿನಕ್ಕೆ ಎಷ್ಟೋ ಸಲ ಫಿಟ್ಸ್ ಬರುತ್ತಿತ್ತು. ಐದು ವರ್ಷ ತುಂಬುವ ಮೊದಲೇ ತೀರಿಕೊಂಡ. ಕೋಶದ ಕೊಳವೆಗಳನ್ನು ಬಿಗಿಹಿಡಿಯುವ ಒಂದು ಪ್ರೋಟೀನು ಅವನಲ್ಲಿ ಕೆಟ್ಟಿತ್ತು. ಆ ದೋಷ ತಾಯಂದಿರ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಅಕ್ಕತಂಗಿಯರ ಸೋದರಮಾವಂದಿರಿಬ್ಬರು ತೊಟ್ಟಿಲಲ್ಲೇ ಫಿಟ್ಸ್ ಬಂದು ಹೋಗಿದ್ದು ಯಾಕೆಂದು ಮನೆಯವರಿಗೆ ಗೊತ್ತಾದದ್ದು ಆಗಲೇ. ನೀಲಾಂಬಿಕಾ ತನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಂಡಿದ್ದಳು. ಫಲಿತಾಂಶ ನೋಡಿದ ಮೇಲೆ ಮನೆಯಲ್ಲಿ ತನ್ನ ಮದುವೆಯ ಮಾತನ್ನು ಎತ್ತಗೊಡಲಿಲ್ಲ. ಓಂಕಾರ ಹುಟ್ಟಿದಂದಿನಿಂದ ಅವಳು ಮಾಡಿದ ಕೆಲಸವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತ್ತು: ಕೆಟ್ಟ ಪ್ರೋಟೀನಿನ ಬದಲು ಒಳ್ಳೆಯದನ್ನು ತಯಾರಿಸುವ ಸಂದೇಶವೊಂದನ್ನು ಗರ್ಭದಲ್ಲಿರುವಾಗಲೇ ಕೋಶಗಳಿಗೆ ಮುಟ್ಟಿಸಿದರೆ ಏನಾದೀತು?

ಆ ಔಷಧಕ್ಕೆ ಅವರು ‘ಚಲನ’ ಎಂದು ಹೆಸರಿಟ್ಟಿದ್ದರು. ಇಲಿಗಳಲ್ಲಿ, ಆಮೇಲೆ ಮಂಗಗಳಲ್ಲಿ ಅದು ಕೆಲಸ ಮಾಡಿತ್ತು. ಮನುಷ್ಯರಲ್ಲಿ ಪ್ರಯೋಗಿಸಲು ಅನುಮತಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ದಾಕ್ಷಾಯಣಿಯ ಹೊಟ್ಟೆಯಲ್ಲಿದ್ದದ್ದು ಗಂಡು, ಅದಕ್ಕೂ ಅದೇ ದೋಷ ಇದೆ ಎಂದು ಆ ವಾರವೇ ಗೊತ್ತಾಗಿತ್ತು.

“ಕೊಟ್ಟರ ಏನಾಗ್ತೈತಿ ಅಂತ ಪೂರ್ತಿ ನನಗೂ ಗೊತ್ತಿಲ್ಲ,” ಎಂದಳು ನೀಲಾಂಬಿಕಾ. “ಕೊಡದಿದ್ದರ ಏನಾಗ್ತೈತಿ ಅನ್ನೂದು ಇಬ್ಬರಿಗೂ ಗೊತ್ತೈತಿ.”

ದಾಕ್ಷಾಯಣಿ ಎದ್ದು ಸೆರಗು ಸರಿಮಾಡಿಕೊಂಡಳು. “ಮತ್ತ ಯಾಕ ಕೇಳ್ತಿ, ಅಕ್ಕಾ. ಕೊಡು.”

*

ಮಗು ಹುಟ್ಟಿ ತಿಂಗಳಾದ ಮೇಲೆ ತೆಗೆದ ಸ್ಕ್ಯಾನನ್ನು ದಾಕ್ಷಾಯಣಿಯ ಗಂಡ ಶಿವಯೋಗಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವನು ಮಾತು ಕಡಿಮೆಯ ಮನುಷ್ಯ.

“ಅಕ್ಕಾರ, ಇದು ಸುಕ್ಕುಸುಕ್ಕಾಗಿ ಕಾಣ್ತೈತಲ್ಲ. ಛಲೋನೋ, ಕೆಟ್ಟದ್ದೋ?”

“ಛಲೋ ಐತಿ,” ಎಂದಳು ನೀಲಾಂಬಿಕಾ. “ಎಲ್ಲರದೂ ಹಿಂಗ ಇರ್ತೈತಿ.”

ಅವನು ಚಿತ್ರವನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಹೋದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಟವಲಿನಿಂದ ಮುಖ ಮುಚ್ಚಿಕೊಂಡ.

ತಾತನ ಹೆಸರನ್ನೇ ಇಟ್ಟರು, ಚನ್ನವೀರ ಎಂದು. ಚನ್ನು ಎರಡು ವರ್ಷಕ್ಕೆ ಬಸ್ಸಿನ ಬೋರ್ಡುಗಳನ್ನು ಓದಿದ. ಮೂರಕ್ಕೆ ಅಪ್ಪನ ಪೆಟ್ಟಿಗೆಯಲ್ಲಿದ್ದ, ನಟ್ಟು ಬಿಗಿಯುವ ಪ್ರತಿ ಪಾನಾದ ಅಳತೆಯನ್ನೂ ನೋಡಿದ ಕೂಡಲೇ ಹೇಳುತ್ತಿದ್ದ. ಪಕ್ಕದ ಮನೆಗೆ ಬಾಡಿಗೆಗೆ ಬಂದ ಮರಾಠಿ ಕುಟುಂಬದ ಅಂಗಳದಲ್ಲಿ ಕೆಲವು ದಿನ ಆಡಿ ಬಂದವನು ಅವರ ಅಜ್ಜಿಯ ಜತೆ ಮರಾಠಿಯಲ್ಲೇ ವಾದಕ್ಕೆ ನಿಂತ. ನಾಲ್ಕಾಗುವ ಹೊತ್ತಿಗೆ ದಾಕ್ಷಾಯಣಿ ಶಾಲೆಯಿಂದ ಏಳನೇ ಇಯತ್ತೆಯ ಗಣಿತದ ಪುಸ್ತಕ ತಂದುಕೊಡಬೇಕಾಯಿತು.

ಅವನೊಬ್ಬನೇ ಅಲ್ಲ. ಚಲನ ಪಡೆದ ಉಳಿದ ಮಕ್ಕಳೂ ಹೀಗೇ ಇದ್ದರು. ಕೇಂದ್ರದ ನಿರ್ದೇಶಕ ಡಾ. ಜಯತೀರ್ಥ ಕಟ್ಟಿ ಊರೂರಿನ ಸಮ್ಮೇಳನಗಳಲ್ಲಿ ಈ ಮಕ್ಕಳ ವಿಡಿಯೋ ತೋರಿಸಿದರು. ದೊಡ್ಡ ಔಷಧ ಕಂಪನಿಯೊಂದು ಮುಂದೆ ಬಂತು. ಸ್ವಲ್ಪ ಕಾಲದಲ್ಲೇ ಯಾವ ದೋಷವೂ ಇಲ್ಲದ ಗರ್ಭಿಣಿಯರು ಕೂಡ ಚಲನ ಕೇಳಿಕೊಂಡು ಬರತೊಡಗಿದರು. ಅದಕ್ಕೂ ಅನುಮತಿ ಸಿಕ್ಕಿತು. ನೀಲಾಂಬಿಕಾ ಸಭೆಯಲ್ಲಿ ಇನ್ನಷ್ಟು ವರ್ಷ ಕಾಯೋಣ ಎಂದಳು. ಕಾಯಲು ಕಾರಣ ಏನೆಂದು ಕೇಳಿದಾಗ ಅವಳ ಬಳಿ ಕಾರಣವಿರಲಿಲ್ಲ. ಸ್ವಂತ ತಂಗಿಯ ಮಗನೆಂದು ತೊಡೆಯ ಮೇಲೆ ಕೂಡಿಸಿಕೊಂಡು ಕೂಡಿಸುವ ಕಳೆಯುವ ಲೆಕ್ಕ ಹೇಳಿಸುವಾಗ ಅವಳಿಗೂ ಹೆಮ್ಮೆಯೇ ಇತ್ತು.

ಮನೆಯಲ್ಲಿ ಒಂದು ಚಿಕ್ಕ ತೊಂದರೆ ಮಾತ್ರ ಇತ್ತು. ಆಗಾಗ ಚನ್ನುವಿಗೆ ಮೈ ಬಿಸಿಯಾಗುತ್ತಿತ್ತು. ಆ ಜ್ವರದಲ್ಲಿ ಒಂದು ಇಡೀ ದಿನ ಮಲಗಿಬಿಡುತ್ತಿದ್ದ. ಎದ್ದ ಮೇಲೆ ಮೊದಲಿಗಿಂತ ಚುರುಕಾಗಿರುತ್ತಿದ್ದ. ಮಕ್ಕಳ ಡಾಕ್ಟರು ವೈರಲ್ ಎಂದು ಹೇಳಿ ಸಿರಪ್ ಕೊಟ್ಟರು.

*

ಚನ್ನುವಿಗೆ ಏಳು ತುಂಬಿದ ಮೇಲೆ, ಅಂಥ ಒಂದು ಜ್ವರದ ದಿನ ದಾಕ್ಷಾಯಣಿಯ ಶಾಲೆಗೆ ತಪಾಸಣೆಯವರು ಬರುವವರಿದ್ದರು. ಶಿವಯೋಗಿಗೆ ರಜೆ ಇರಲಿಲ್ಲ. ನೀಲಾಂಬಿಕಾ ಬಂದು ಚನ್ನುವಿನ ಪಕ್ಕ ಕುಳಿತಳು.

ಮಧ್ಯಾಹ್ನದ ಹೊತ್ತು. ಹಿಂದಿನ ಸಂಜೆಯಿಂದ ಮಲಗಿದ್ದ ಹುಡುಗನ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಾಯಿಸುತ್ತಿದ್ದಾಗ ಅವನ ಉಸಿರು ಬೇರೆಯಾದದ್ದು ಅವಳಿಗೆ ತಿಳಿಯಿತು. ಎಚ್ಚರವಾಗಿದ್ದಾನೆ. ಆದರೆ ಕಣ್ಣು ತೆರೆಯಲಿಲ್ಲ. ಓಣಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಪಕ್ಕದ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮುಚ್ಚಿದ ರೆಪ್ಪೆಗಳ ಕೆಳಗೆ ಹುಡುಗನ ಕಣ್ಣುಗುಡ್ಡೆಗಳು ಪ್ರತಿ ಸದ್ದಿನ ಕಡೆಗೂ ಹೊರಳುತ್ತಿದ್ದವು. ಅವನು ಮನೆಯನ್ನು ಕೇಳಿಸಿಕೊಳ್ಳುತ್ತಿದ್ದ.

ಆಮೇಲೆ ಕಣ್ಣು ತೆರೆದ. ಅವಳ ಮುಖ ನೋಡಿದ, ಕೈಯಲ್ಲಿದ್ದ ಒದ್ದೆ ಬಟ್ಟೆ ನೋಡಿದ, ನಕ್ಕ.

“ಅವ್ವಾ, ನೀರು ಕೊಡು.”

“ಜ್ವರ ತಲಿಗೇರೈತೇನೋ? ನಾ ದೊಡ್ಡವ್ವ.”

ಅವನ ನಗು ಹಾಗೇ ಇತ್ತು. ಕಣ್ಣು ಮಾತ್ರ ಕೋಣೆಯ ಸುತ್ತ ಒಮ್ಮೆ ಓಡಿತು. ಗೋಡೆಯ ಮೇಲಿನ ಅಕ್ಕತಂಗಿಯರ ಫೋಟೋ, ಅದರ ಕೆಳಗೆ ಅಂಟಿಸಿದ್ದ ಶಾಲೆಯ ವೇಳಾಪಟ್ಟಿ, ಬಾಗಿಲ ಹಿಂದಿನ ಮೊಳೆಗೆ ತೂಗಿದ್ದ ಫಿಟ್ಟರನ ಮಾಸಿದ ಅಂಗಿ.

“ಹೌದಲ್ಲ, ದೊಡ್ಡವ್ವ. ಜ್ವರದಾಗ ತಿಳೀಲಿಲ್ಲ. ಅವ್ವ ಸಾಲಿಗೆ ಹೋಗ್ಯಾಳಲ್ಲ.”

ನೀಲಾಂಬಿಕಾಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಕಣ್ಣು ಓಡಿದ ದಾರಿಯನ್ನೇ ಅವಳೂ ನೋಡಿದ್ದಳು.

“ಚನ್ನು,” ಎಂದಳು, ದನಿ ಬದಲಾಗದಂತೆ. “ನಿಮ್ಮಪ್ಪನ ಹೆಸರೇನು?”

ಹುಡುಗನ ಕಣ್ಣು ಮತ್ತೆ ಗೋಡೆಗಳನ್ನು ಸುತ್ತಿತು. ಅಲ್ಲೆಲ್ಲೂ ಆ ಹೆಸರು ಇರಲಿಲ್ಲ. ನಗು ನಿಧಾನವಾಗಿ ಇಳಿಯಿತು.

“ಹೇಳಿದರ ನೀವು ಅಳ್ತೀರೇನ್ರಿ?”

“ಇಲ್ಲ.”

“ನನಗ ಗೊತ್ತಿಲ್ರಿ. ಈ ಮನಿ ಯಾರದು ಅಂತನೂ ಗೊತ್ತಿಲ್ಲ. ಎದ್ದಾಗ ಏನು ಮಾಡಬೇಕು ಅನ್ನೂದಷ್ಟು ಗೊತ್ತೈತಿ. ಮೊದಲು ಕಣ್ಣು ಮುಚ್ಚಿಕೊಂಡು ಕೇಳಬೇಕು. ಹತ್ತಿರ ಕುಂತ ಹೆಣ್ಣುಮಗಳಿಗೆ ಅವ್ವ ಅನ್ನಬೇಕು. ತಪ್ಪಿದರ ಜ್ವರ ಅನ್ನಬೇಕು. ಗೊತ್ತಿಲ್ಲ ಅಂದರ ಮಂದಿ ಅಳ್ತಾರ.”

“ಇದನ್ನ ಯಾರು ಹೇಳಿಕೊಟ್ಟರು ನಿನಗ?”

ಅವನು ಯೋಚಿಸಿದ. “ಯಾರೂ ಇಲ್ಲ ಅನಸ್ತೈತ್ರಿ. ಯಾವಾಗ ಕಲಿತೆ ಅನ್ನೂದು ನೆನಪಿಲ್ಲ.”

ಸಂಜೆ ದಾಕ್ಷಾಯಣಿ ಗೇಟು ತೆಗೆದ ಸದ್ದಿಗೆ ಚನ್ನು ಓಡಿಹೋಗಿ ಅವಳ ಸೊಂಟ ತಬ್ಬಿದ. “ಅವ್ವಾ, ತಪಾಸಣೆ ಹೆಂಗಾತು?” ಎಂದ. ತಬ್ಬಿಕೊಂಡೇ ತಲೆ ಹೊರಳಿಸಿ, ಸರಿಯಾಗಿ ಮಾಡಿದೆನಲ್ಲವೇ ಎಂಬಂತೆ ನೀಲಾಂಬಿಕಾಳ ಕಡೆ ನೋಡಿದ.

*

ಹೊಸ ನರಕೋಶಗಳು ಹುಟ್ಟುತ್ತಲೇ ಇರುವ ಮೂಗಿನ ಒಳಪದರದಿಂದ, ವರ್ಷದ ಆರೋಗ್ಯ ತಪಾಸಣೆ ಎಂದು ಹೇಳಿ ತೆಗೆದ ಚನ್ನುವಿನ ಕೋಶಗಳನ್ನು ನೀಲಾಂಬಿಕಾ ಗಾಜಿನ ತಟ್ಟೆಯಲ್ಲಿ ಬೆಳೆಸಿದಳು. ಸಾಮಾನ್ಯ ಮಕ್ಕಳ ಎಳೆಯ ನರಕೋಶಗಳು ಒಂದಿಷ್ಟು ದೂರ ಹೋಗಿ, ತಮ್ಮಂಥವು ಸಿಕ್ಕಿದ ಕಡೆ ನಿಲ್ಲುತ್ತವೆ. ಕೊಳವೆಗಳು ಗಟ್ಟಿಯಾಗುತ್ತವೆ, ಸುತ್ತ ಎಳೆಗಳು ಹರಡಿ ಪಕ್ಕದವುಗಳ ಜತೆ ಸಂಪರ್ಕ ಕಟ್ಟಿಕೊಳ್ಳುತ್ತವೆ. ಆಮೇಲೆ ಆ ಕೋಶ ಬದುಕಿರುವ ತನಕ ಅಲ್ಲಿಯೇ. ಚನ್ನುವಿನ ಕೋಶಗಳೂ ನಿಂತವು, ಸಂಪರ್ಕ ಕಟ್ಟಿದವು, ಎಲ್ಲರ ಕೋಶಗಳಿಗಿಂತ ಬೇಗ ಮತ್ತು ಹೆಚ್ಚು ಕಟ್ಟಿದವು. ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಒಂದು ಕೋಶ ಚಾಚಿದ ಎಳೆಗಳನ್ನೆಲ್ಲ ಒಳಗೆಳೆದುಕೊಂಡಿತು. ಕಟ್ಟಿದ ಸಂಪರ್ಕಗಳೆಲ್ಲ ಕಡಿದುಹೋದವು. ಕೋಶ ಎದ್ದು ಮುಂದೆ ಹೊರಟಿತು. ಉಳಿದವೂ ಅದರ ಹಿಂದೆ ಹೊರಟವು.

ಚಲನ ಕೂಸು ಹುಟ್ಟುವ ಹೊತ್ತಿಗೆ ಕರಗಿ ಮುಗಿಯಬೇಕಿತ್ತು. ಮುಗಿದಿರಲಿಲ್ಲ. ಒಮ್ಮೆ ಅದನ್ನು ಪಡೆದ ಕೋಶ ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತಿತ್ತು. ಇಲಿಗಳೂ ಮಂಗಗಳೂ ಪರೀಕ್ಷೆಯ ಅವಧಿಯಲ್ಲಿ ಇಷ್ಟು ದೊಡ್ಡವಾಗಿರಲಿಲ್ಲ. ಗರ್ಭದಲ್ಲಿ ಹತ್ತಿ ಹೋಗಲು ಇದ್ದ ಆಸರೆಯ ತಂತುಗಳು ಈಗ ಇಲ್ಲವಾದ್ದರಿಂದ ಕೋಶಗಳು ರಕ್ತನಾಳಗಳನ್ನು ಹಿಡಿದು ಸಾಗುತ್ತಿದ್ದವು. ಅವು ಗುಂಪಾಗಿ ಏಳುವಾಗ ಮೈ ಬಿಸಿಯಾಗುತ್ತಿತ್ತು. ಭಾಷೆ, ಲೆಕ್ಕದಂತಹ ದಿನಬಳಕೆಯ ವಿದ್ಯೆಗಳು ಮಿದುಳಿನ ಹತ್ತಾರು ಕಡೆ ಹರಡಿಕೊಂಡಿರುತ್ತವೆ. ಒಂದು ಕಡೆ ಹೋದರೆ ಇನ್ನೊಂದು ಕಡೆ ಉಳಿಯುತ್ತವೆ. ಒಂದು ಮುಖ, ಒಂದು ಮನೆ, ನಿನ್ನೆಯ ಸಂಜೆ ಅಷ್ಟು ಕಡೆ ಇರುವುದಿಲ್ಲ. ಹೊಸ ಜಾಗಕ್ಕೆ ಬಂದ ಕೋಶ ಖಾಲಿ ಇರುವುದರಿಂದ ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತಿತ್ತು. ಲೋಕ ಬೆರಗಾಗಿ ನೋಡುತ್ತಿದ್ದ ಜಾಣತನ ಅದೇ.

ಡಾ. ಕಟ್ಟಿ ಆ ಕೋಶಗಳ ವಿಡಿಯೋವನ್ನು ಎರಡು ಸಲ ನೋಡಿದರು.

“ಸಣ್ಣಂದಿನದು ಎಲ್ಲಾ ಮಕ್ಕಳೂ ಮರೀತಾವ, ಡಾಕ್ಟರ್. ನಿಮಗೇನು ನೆನಪದ, ನನಗೇನು ನೆನಪದ?”

“ನಾವು ಅವ್ವನ್ನ ಮರೀಲಿಲ್ಲ, ಸರ್.”

“ಎರಡು ತಾಸಿನಾಗ ಮತ್ತ ಕಲೀತಾನ ಅಂತ ನೀವಽ ಹೇಳ್ತೀರಿ.”

“ನನಗ ಅಂಜಿಕಿ ಆಗೂದು ಅದಕ್ಕ. ಅಷ್ಟು ಲಗೂ ಕಲೀತಾರ ಅಂತಽ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ. ಮತ್ತ ಇವು ಎಲ್ಲಿತನಕ ನಡದು ಹೋಗ್ತಾವು ಅನ್ನೂದು ನೋಡ್ರಿ.”

ಅವಳು ಚನ್ನುವಿನ ಮೂರು ಸ್ಕ್ಯಾನುಗಳನ್ನು ಒಂದರ ಪಕ್ಕ ಒಂದು ಇಟ್ಟಳು. ಮೊದಲನೆಯದರಲ್ಲಿದ್ದ ಒಂದು ಮಡಿಕೆ ಮೂರನೆಯದರಲ್ಲಿ ಇರಲಿಲ್ಲ. ಉಸಿರಾಟವನ್ನು ನಡೆಸುವ ಭಾಗದ ಅಂಚಿನಲ್ಲಿ, ಇರಬಾರದ ಕಡೆ, ಕೋಶಗಳ ಬಿಳಿಯ ಗುಂಪೊಂದು ಕಾಣುತ್ತಿತ್ತು.

ಕಟ್ಟಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ಊರುಗಳಲ್ಲಿ ಎಷ್ಟು ಬಸುರಿಯರು ಆ ವಾರ ಚಲನ ಪಡೆಯುವವರಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಮರುದಿನ ಕೊಡುವುದನ್ನು ನಿಲ್ಲಿಸಿದರು. ಆಗಲೇ ಹುಟ್ಟಿದ್ದ ಮಕ್ಕಳು ಆರು ನೂರಕ್ಕೂ ಮಿಕ್ಕಿದ್ದರು.

ನೀಲಾಂಬಿಕಾ ಒಬ್ಬೊಬ್ಬ ತಾಯಿಗೂ ಫೋನು ಮಾಡಿದಳು. ಎಲ್ಲರದೂ ಒಂದೇ ಮಾತು: ಜ್ವರ ಬರುತ್ತದೆ, ಆದರೆ ನಮ್ಮ ಮಗು ಏನನ್ನೂ ಮರೆತಿಲ್ಲ, ನಮ್ಮನ್ನಂತೂ ಇಲ್ಲವೇ ಇಲ್ಲ. ಜ್ವರ ಬಿಟ್ಟು ಎದ್ದ ಮೇಲೆ ಮಗು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಮಲಗಿರುತ್ತದೆಯೇ ಎಂದು ಕೇಳಿದಾಗ ಹೆಚ್ಚಿನವರು, ಅದು ನಿಮಗೆ ಹೇಗೆ ಗೊತ್ತು ಎಂದರು.

ತಂಗಿಗೆ ಹೇಳುವುದು ಮಾತ್ರ ಉಳಿಯಿತು. ಒಂದು ರವಿವಾರ ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಹೇಳಿದಳು. ದಾಕ್ಷಾಯಣಿ ಕೈಯಲ್ಲಿದ್ದ ಚಿಕ್ಕ ಅಂಗಿಯನ್ನು ಹಿಂಡುತ್ತ ಕೊನೆಯತನಕ ಕೇಳಿದಳು.

“ಎಷ್ಟು ಸಲ ಹಿಂಗಾಗೈತಿ?”

“ಬಹಳ ಸಲ ಆಗಿರಬೇಕು.”

“ಅಂದರ ಅಂವ ಅವ್ವಾ ಅಂದದ್ದು...”

“ಪ್ರತಿ ಸಲ ಹೊಸದಾಗಿ ತಿಳಕೊಂಡು ಅಂದದ್ದು.”

ಹಿಂಡಿದ ಅಂಗಿಯನ್ನೇ ದಾಕ್ಷಾಯಣಿ ಮತ್ತೆ ಹಿಂಡಿದಳು. ಅದರಲ್ಲಿ ನೀರು ಉಳಿದಿರಲಿಲ್ಲ.

“ಪಾಪ,” ಎಂದಳು. “ಕೂಸಿಗೆ ಎಷ್ಟು ಅಂಜಿಕಿ ಆಗಿರಬೇಕು.”

*

ತಡೆಯುವ ಔಷಧವೊಂದಿತ್ತು. ಕ್ಯಾನ್ಸರ್ ಕೋಶಗಳು ಒಡೆದು ಹೆಚ್ಚಾಗದಂತೆ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಔಷಧಗಳ ಬಳಗದ್ದು. ಕೋಶದೊಳಗಿನ ಕೊಳವೆಗಳು ಬಿಚ್ಚಿಕೊಳ್ಳದಂತೆ ಅದು ಬಿಗಿದುಬಿಡುತ್ತದೆ. ನೀಲಾಂಬಿಕಾ ಅದನ್ನು ಮಿದುಳಿಗೆ ತಲುಪುವಂತೆ ಮಾರ್ಪಡಿಸಿ, ಚಲನ ಪಡೆದ ಇಲಿಗಳಿಗೆ ಕೊಟ್ಟು ನೋಡಿದಳು. ಕೋಶಗಳು ಇದ್ದಲ್ಲೇ ನಿಂತವು. ಆಮೇಲೆ ಆ ಇಲಿಗಳು ಹೊಸ ದಾರಿಗಳನ್ನು ಬಹಳ ನಿಧಾನವಾಗಿ ಕಲಿತವು. ಕಲಿತದ್ದನ್ನು ಮಾತ್ರ ಮರೆಯಲಿಲ್ಲ.

“ಕೊಟ್ಟ ದಿನ ಅವನ ಮಿದುಳು ಹೆಂಗಿರ್ತೈತೋ ಹಂಗ ನಿಂತುಬಿಡ್ತೈತಿ,” ಎಂದು ತಂಗಿಗೂ ಶಿವಯೋಗಿಗೂ ವಿವರಿಸಿದಳು. “ಅದಕ್ಕ ಜ್ವರ ಬಂದು ಹೋದ ಮ್ಯಾಲ, ಅಂವ ನಿಮ್ಮನ್ನೆಲ್ಲಾ ಮತ್ತ ಛಲೋತ್ನ್ಯಾಗಿ ತಿಳಕೊಂಡ ಮ್ಯಾಲ ಕೊಡೂಣು. ನಿಮ್ಮ ನೆನಪು ಇದ್ದಂಗ ನಿಲ್ಲತೈತಿ.”

ಮುಂದಿನ ಜ್ವರ ಬಂತು, ಹೋಯಿತು. ಅನುಮತಿಯ ಕಾಗದಗಳು ಓಡಾಡುತ್ತಿದ್ದ ಆ ದಿನಗಳಲ್ಲಿ ಗಂಡ ಹೆಂಡತಿ ಸಂಜೆಯ ದೀಪ ಹಚ್ಚಿದ ಮೇಲೆ ಚನ್ನುವನ್ನು ನಡುವೆ ಕೂಡಿಸಿಕೊಂಡು ಎಲ್ಲವನ್ನೂ ಹೇಳುತ್ತಿದ್ದರು. ನೀನು ಹುಟ್ಟಿದ್ದು ಹೀಗೆ, ನಿನಗೊಬ್ಬ ಅಣ್ಣನಿದ್ದ, ಉಣಕಲ್ ಕೆರೆಯ ದಂಡೆಯಲ್ಲಿ ನೀನು ಚಪ್ಪಲಿ ಕಳೆದುಕೊಂಡದ್ದು ಹೀಗೆ. ಹೆಚ್ಚು ಮಾತಾಡದ ಶಿವಯೋಗಿ ತನ್ನ ಬಾಲ್ಯವನ್ನೂ ಹೇಳಿದ. ಹುಡುಗ ಒಂದನ್ನೂ ಬಿಡದೆ ಕೇಳಿಸಿಕೊಂಡು ಬೆಳಿಗ್ಗೆ ಒಪ್ಪಿಸುತ್ತಿದ್ದ. “ಈಗ ಕೊಡಬಹುದೇನು ದೊಡ್ಡವ್ವ?” ಎಂದು ಅವನೇ ಕೇಳಿದ. ದಿನ ಗೊತ್ತಾಯಿತು, ಮುಂದಿನ ಸೋಮವಾರ.

ಅದಕ್ಕೂ ಮೊದಲೇ, ಶುಕ್ರವಾರ ಬೆಳಿಗ್ಗೆ, ಇನ್ನೂ ಬರಬಾರದಿದ್ದ ಜ್ವರ ಬಂತು. ಹಾಸಿಗೆಯಲ್ಲೇ ಅವನ ಮೈ ಸೆಟೆದು ನಡುಗಿತು. ಶಿವಯೋಗಿ ಅವನನ್ನು ಎತ್ತಿಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಗುಡ್ಡದ ಮೇಲಿನ ಕೇಂದ್ರದ ವಾರ್ಡಿಗೆ ತಂದ. ಮಧ್ಯಾಹ್ನದ ಹೊತ್ತಿಗೆ ಸೆಟೆತ ನಿಂತಿತು. ಮೈ ತಣ್ಣಗಾಯಿತು. ತಲೆಗೆ ಅಂಟಿಸಿದ್ದ ತಂತಿಗಳಿಂದ ಪರದೆಯ ಮೇಲೆ ಮೂಡುತ್ತಿದ್ದ ಗೆರೆಗಳು ಸ್ವಲ್ಪ ಹೊತ್ತು ನೆಟ್ಟಗಿದ್ದು ಮತ್ತೆ ಒಂದು ಮೂಲೆಯಿಂದ ಚೂಪಾಗತೊಡಗಿದವು.

ಚನ್ನು ಕಣ್ಣು ಮುಚ್ಚಿಕೊಂಡು ಮಲಗಿದ್ದ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಹೊರಳುತ್ತಿದ್ದವು.

“ಎಚ್ಚರ ಆಗೈತಿ,” ಎಂದಳು ದಾಕ್ಷಾಯಣಿ. “ಅಕ್ಕಾ, ಒಂದು ತಾಸು ತಡಿ. ಒಂದಽ ತಾಸು. ಎಲ್ಲಾ ಹೇಳತೀನಿ. ಅಂವ ಲಗೂ ಕಲೀತಾನ, ನಿನಗೂ ಗೊತ್ತೈತಿ.”

ನೀಲಾಂಬಿಕಾ ಔಷಧ ತುಂಬಿದ ಸಿರಿಂಜನ್ನು ಹಿಡಿದು ಪರದೆ ನೋಡುತ್ತಿದ್ದಳು. ಇನ್ನೊಂದು ಸೆಟೆತ ಬಂದರೆ ಅದು ಉಸಿರಾಟದ ಜಾಗಕ್ಕೆ ಹೋಗಿ ಮುಟ್ಟುತ್ತದೆ. ತಾಸು ಇದ್ದೀತು, ಕಾಲು ತಾಸೂ ಇರದಿದ್ದೀತು.

“ನನಗ ಹೇಳಾಕ ಆಗವಲ್ದು ದಾಕ್ಷಿ,” ಎಂದಳು. “ತಾಸು ಇದ್ದರ ಇರಬಹುದು.”

ಶಿವಯೋಗಿ ಮಂಚದ ಕಂಬಿ ಹಿಡಿದು ನಿಂತಿದ್ದ. ಹೆಂಡತಿಯ ಮುಖ ನೋಡಿದ. ಚನ್ನು ಕಣ್ಣು ತೆರೆದ. ಅಪರಿಚಿತವಾದ ಛಾವಣಿ, ತಂತಿಗಳು, ಮೂರು ಮುಖಗಳು. ಇಲ್ಲಿ ಗೋಡೆಯ ಮೇಲೆ ಓದಿಕೊಳ್ಳಲು ಏನೂ ಇರಲಿಲ್ಲ. ಯಾರನ್ನು ಏನೆಂದು ಕರೆಯಬೇಕು ಎಂದು ಹುಡುಕುತ್ತ ಅವನ ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ ಹಾರುತ್ತಿತ್ತು. ತುಟಿ ಅದುರುತ್ತಿತ್ತು. ಆದರೂ ನಗಲು ನೋಡಿದ.

ದಾಕ್ಷಾಯಣಿ ಅವನ ಕೈ ಹಿಡಿದುಕೊಂಡಳು.

“ನಗೂದು ಬ್ಯಾಡ,” ಎಂದಳು. “ನಾ ನಿನ್ನ ಕೂಡ ಇರಾಕ ಬಂದೇನಿ. ನೀ ಏನೂ ತಿಳಕೋಬೇಕಾಗಿಲ್ಲ.” ಆಮೇಲೆ ತಲೆ ಎತ್ತದೆ ಹೇಳಿದಳು: “ಕೊಡಕ್ಕಾ.”

*

ಸೆಟೆತ ಮತ್ತೆ ಬರಲಿಲ್ಲ. ಜ್ವರವೂ ಬರಲಿಲ್ಲ. ಮೂಗಿನಿಂದ ತೆಗೆದ ಕೋಶಗಳು ತಟ್ಟೆಯಲ್ಲಿ ಇಟ್ಟಲ್ಲೇ ಉಳಿದವು.

ಮನೆಗೆ ಬಂದ ಹುಡುಗ ಬೇರೆಯೇ ಆಗಿದ್ದ. ಲೆಕ್ಕ ಹೋಗಿತ್ತು. ಮರಾಠಿ ಹೋಗಿತ್ತು. ಓದು ಅಲ್ಲಲ್ಲಿ ಹರಿದುಹೋಗಿ ‘ಟ’ಕ್ಕೂ ‘ಠ’ಕ್ಕೂ ತಡವರಿಸುತ್ತಿದ್ದ. ಜೂನಿನಲ್ಲಿ ದಾಕ್ಷಾಯಣಿಯ ಒಂದನೇ ಇಯತ್ತೆಯಲ್ಲೇ ಕುಳಿತ, ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ. ಒಂದು ಪದ್ಯ ಬಾಯಿಗೆ ಬರಲು ಅವನಿಗೆ ಉಳಿದವರ ಎರಡರಷ್ಟು ದಿನ ಬೇಕಿತ್ತು. ಅವನ ಜಾಣತನದ ವಿಡಿಯೋ ನೋಡಿದ್ದ ಓಣಿಯ ಜನ ಇವರ ಮನೆಯ ಮುಂದೆ ಬಂದಾಗ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಇವರೇ ನಿನ್ನ ತಾಯಿ ತಂದೆ ಎಂದು ಹೇಳಿದ್ದನ್ನು ಅವನು ಒಪ್ಪಿಕೊಂಡ. ಆದರೆ ದಾಕ್ಷಾಯಣಿಯನ್ನು “ನೀವು” ಎನ್ನುತ್ತಿದ್ದ. ನೀರು ಬೇಕಾದರೆ ಕೇಳಿ ಕುಡಿಯುತ್ತಿದ್ದ. ಅವಳು ತಿದ್ದಲಿಲ್ಲ. ಮೊದಲ ವಾರಗಳಲ್ಲಿ ಶಿವಯೋಗಿ ಕೆಲಸದಿಂದ ಬಂದವನು ಬಾಗಿಲಲ್ಲೇ ತಡೆದು ನಿಲ್ಲುತ್ತಿದ್ದ, ಒಳಗೆ ಹೋಗಲು ಯಾರದೋ ಅಪ್ಪಣೆ ಬೇಕೆನ್ನುವ ಹಾಗೆ.

ಒಂದು ಬೆಳಿಗ್ಗೆ ನೀಲಾಂಬಿಕಾ ಬಂದಾಗ ಚನ್ನು ತಟ್ಟೆಯ ಮುಂದೆ ಕುಳಿತು ಉಪ್ಪಿಟ್ಟನ್ನು ಅನುಮಾನದಿಂದ ನೋಡುತ್ತಿದ್ದ.

“ಮೊನ್ನೆ ಇದರಾಗ ಉಪ್ಪಿರಲಿಲ್ಲ,” ಎಂದ. “ಇವತ್ತು ಹಾಕೀರೇನ್ರಿ?”

ದಾಕ್ಷಾಯಣಿ ಸೌಟು ಹಿಡಿದು ಹಾಗೇ ನಿಂತಳು. ಮೊನ್ನೆ ಅನ್ನುವ ಮಾತು ಅವನ ಬಾಯಲ್ಲಿ ಆ ಮನೆಯಲ್ಲಿ ಎಂದೂ ಬಂದಿರಲಿಲ್ಲ. ಅವನಿಗೆ ಯಾವಾಗಲೂ ಎಲ್ಲವೂ ಗೊತ್ತಿರುತ್ತಿತ್ತು, ಮೊನ್ನೆ ಎಂಬುದೊಂದು ಮಾತ್ರ ಇರಲಿಲ್ಲ.

“ಹಾಕೇನಿ,” ಎಂದಳು. “ತಿಂದು ನೋಡು.”

ಅವನು ತಿಂದು ತಲೆಯಾಡಿಸಿದ.

ತಡೆಯುವ ಔಷಧದಿಂದ ಚನ್ನುವಿನ ಮರೆವು ನಿಂತದ್ದನ್ನು ನೀಲಾಂಬಿಕಾ ಉಳಿದ ತಾಯಿತಂದೆಯರಿಗೂ ಹೇಳಿದಳು. ಕೆಲವರು ಮಕ್ಕಳನ್ನು ಕರೆದುಕೊಂಡು ಬಂದರು. ಹೆಚ್ಚಿನವರು ಬರಲಿಲ್ಲ. ಮಿದುಳಿನಲ್ಲಿ ಏನು ನಡೆಯುತ್ತಿದೆ ಎಂದು ವಿವರಿಸಿದರೆ ಕೇಳುತ್ತಿದ್ದರು. ಔಷಧ ಕೊಟ್ಟ ಮೇಲೆ ಮಗು ಹೇಗಾಗುತ್ತದೆ ಎಂದು ಕೇಳಿ ತಿಳಿದುಕೊಂಡು, ಯೋಚಿಸಿ ಹೇಳುತ್ತೇವೆ ಎನ್ನುತ್ತಿದ್ದರು. ಎರಡು ಮನೆಗಳಿಂದ ಮಗು ತೀರಿಕೊಂಡ ಸುದ್ದಿ ಬಂದ ಮೇಲೂ ಫೋನುಗಳು ಹೆಚ್ಚಲಿಲ್ಲ.

ಶ್ರಾವಣ ಕಳೆದ ಮೇಲೆ ಗದಗಿನ ಒಬ್ಬ ತಂದೆಯೇ ಅವಳಿಗೆ ಫೋನು ಮಾಡಿದ. ಮಗಳ ಹೆಸರು ಇಂಚರ, ಐದು ವರ್ಷ. ಅವಳ ಸ್ಕ್ಯಾನನ್ನು ಕಳಿಸಲು ನೀಲಾಂಬಿಕಾ ಹಲವು ಸಲ ಕೇಳಿದ್ದಳು.

“ಮೇಡಂ, ಇನ್ನ ಮ್ಯಾಲೆ ನಮಗ ಫೋನ್ ಮಾಡಬ್ಯಾಡ್ರಿ, ಅದನ್ನ ಹೇಳಾಕ ಮಾಡೇನಿ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮ ಹುಡುಗಿ ಹತ್ತನೇ ಇಯತ್ತೆ ವಿಜ್ಞಾನ ಓದಾಕತ್ಯಾಳ. ನಮ್ಮ ಮನಿತನದಾಗ ಯಾರೂ ಅಷ್ಟು ಓದಿಲ್ಲ. ನೀವು ಹೇಳೂದೆಲ್ಲಾ ಬ್ಯಾರೆ ಮಕ್ಕಳದು ಇರಬಹುದು. ನಮ್ಮಕಿ ನಮ್ಮನ್ನ ಬಿಟ್ಟು ಒಂದು ಕ್ಷಣ ಇರೂದಿಲ್ರಿ.”

“ಜ್ವರ ಯಾವಾಗ ಬಂದಿತ್ತು?”

“ನಿನ್ನೆ. ಇವತ್ತು ಆರಾಮ ಅದಾಳ. ಇಲ್ಲೇ ನನ್ನ ಬಾಜೂ ಕುಂತಾಳ ನೋಡ್ರಿ, ಅಪ್ಪಾ ಅಪ್ಪಾ ಅಂತ. ಒಂದು ನಿಮಿಷ ತಡೀರಿ, ಬಾಗಲಾಗ ಯಾರೋ ಬಂದಾರ.”

ಫೋನು ಎಲ್ಲೋ ಇಟ್ಟ ಸದ್ದಾಯಿತು. ಹೆಜ್ಜೆಗಳು ದೂರವಾದವು. ಬಾಗಿಲು ತೆರೆಯಿತು, ಗಂಡಸರಿಬ್ಬರ ಮಾತು ಕೇಳಿಸಿತು. ನೀಲಾಂಬಿಕಾ ಕಾಯುತ್ತಿದ್ದಳು. ಯಾರೋ ಫೋನನ್ನು ಕೈಗೆತ್ತಿಕೊಂಡರು. ಉಸಿರು ಬಹಳ ಹತ್ತಿರದಿಂದ ಕೇಳಿಸಿತು.

“ಡಾಕ್ಟರ್ ಮೇಡಂ,” ಎಂದಿತು ಒಂದು ಹುಡುಗಿಯ ದನಿ, ಪಿಸುಗುಟ್ಟಿದಂತೆ. “ಈಗ ಮಾತಾಡಿದರಲ್ರಿ, ಅವರಿಗೆ ಅಪ್ಪ ಅನ್ನಾಕತ್ತೇನಿ, ಅದು ಸರೀನೇನ್ರಿ? ಲಗೂ ಹೇಳ್ರಿ, ಬರಾಕತ್ತಾರ.”